ಮೂರನೇ ಬಾವಿಯ ಅಂಗಿಗಳು

ನಮ್ಮೂರ ಹೊರಗೆ ಕಂಪನಿಯೊಂದು ಕೊರೆಯುತ್ತಿದ್ದ ಮೂರನೇ ಬಾವಿಯಲ್ಲಿ ಕಚ್ಚಾ ಎಣ್ಣೆ ಇದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡವರು ನಮ್ಮ ಆನ್‌ಲೈನ್ ಗುಂಪಿನಲ್ಲಿ ಒಂಬತ್ತು ಸಾವಿರ ಜನ. ಆ ಬಾವಿಯನ್ನು ಕಣ್ಣಾರೆ ಕಂಡವರು ಮಾತ್ರ ಬೆರಳೆಣಿಕೆಯಷ್ಟು. ಉಳಿದವರದೆಲ್ಲ ಉಪಗ್ರಹದ ಚಿತ್ರದ ಮೇಲೆ ಕೆಂಪು ಗೆರೆ ಎಳೆದು ಕಿತ್ತಾಡುವ ಕೆಲಸ. ಅದರಲ್ಲೂ ಪ್ರೊಫೆಸರ್ ಎಂಬ ಅಡ್ಡಹೆಸರಿನವನೊಬ್ಬನಿದ್ದ. ಅವನು ಆಕಳಿಸಿದರೂ ಇನ್ನೂರು ಲೈಕು. ಅಲ್ಲಿ ನನ್ನ ಹೆಸರು ಸೋಪುನೊರೆ. ನಾನು ಏನು ಬರೆದರೂ ಯಾರೂ ಕ್ಯಾರೇ ಅನ್ನುತ್ತಿರಲಿಲ್ಲ.

ಆದರೆ ಆ ಬಾವಿ ಕೊರೆಯುವವರ ಬಟ್ಟೆ ಒಗೆಯುವವರು ನಾವು, ನಾನು ಮತ್ತು ನನ್ನಕ್ಕ. ಆರು ಮಷೀನುಗಳ ಲಾಂಡ್ರಿ. ಮೊದಲೆರಡು ಬಾವಿಗಳಲ್ಲಿ ಸಿಕ್ಕಿದ್ದು ಬರೀ ನೀರು. ಮೂರನೆಯದೂ ಕೈಕೊಟ್ಟರೆ ಕಂಪನಿ ಗಂಟುಮೂಟೆ ಕಟ್ಟುತ್ತದೆ, ನಮಗೆ ಒಗೆಯಲು ಬಟ್ಟೆಯೇ ಇರುವುದಿಲ್ಲ. ಅಷ್ಟರೊಳಗೆ ಅಂಗಡಿ ಮಾರಿಬಿಡೋಣ ಎಂದು ಅಕ್ಕ ಪಟ್ಟು ಹಿಡಿದಿದ್ದಳು. ಕೊಳ್ಳುವವನು ಅಂದು ಸಂಜೆ ನಾಲ್ಕಕ್ಕೆ ಕಾಗದಪತ್ರ ಹಿಡಿದು ಬರುವವನಿದ್ದ. ನನಗೋ, ಮಾರಲು ಸುತರಾಂ ಮನಸ್ಸಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಬಟ್ಟೆಯ ಮೂಟೆ ಬಂತು. ಕೆಸರು, ಗ್ರೀಸು, ಡೀಸೆಲ್, ಎಲ್ಲವನ್ನೂ ಮೂಗಿನಿಂದಲೇ ಗುರುತಿಸುವವಳು ನಾನು. ಈ ಸಲದ ವಾಸನೆ ಅದ್ಯಾವುದರದೂ ಅಲ್ಲ. ಅಂಗಿಗಳ ತೋಳಿನ ತುಂಬ ಕಂದು ಕಲೆ. ತಣ್ಣೀರು ಚಿಮುಕಿಸಿದರೆ ಮೇಣದ ಹಾಗೆ ಗಟ್ಟಿಯಾಯಿತು, ಬಿಸಿನೀರಿಗೆ ಕರಗಿತು. ಮೇಣ ತುಂಬಿದ ಕಚ್ಚಾ ಎಣ್ಣೆಯ ಗುಣ ಇದೇ ಎಂದು ಗುಂಪಿನಲ್ಲೇ ಓದಿದ್ದೆ. ಅಂಗಿಯನ್ನು ಅಲ್ಲೇ ಬಿಟ್ಟು ಫೋನಿಗೆ ಓಡಿದೆ.

"ಮೂರನೇ ಬಾವೀಲಿ ಎಣ್ಣೆ ಬಂದಿದೆ ಕಣ್ರೋ! ಅಂಗಿ ನನ್ನ ಹತ್ರಾನೇ ಇದೆ!"

ಗುಂಪಿಗೆ ಹುಚ್ಚು ಹಿಡಿಯಿತು. ಒಬ್ಬ ಕುಣಿಯುವ ಬೆಕ್ಕಿನ ಚಿತ್ರ ಹಾಕಿದ. ಹಲ್ಲಿನ ಡಾಕ್ಟರೊಬ್ಬಳು, ರೋಗಿಯ ಬಾಯಿ ತೆರೆಸಿಟ್ಟೇ ಬರೆಯುತ್ತಿದ್ದೇನೆ ಎಂದಳು. ಪ್ರೊಫೆಸರ್ ಮಾತ್ರ, "ಡೀಸೆಲ್ ಇರುತ್ತೆ. ಎಲ್ಲಿ, ತೋರ್ಸಿ" ಎಂದ.

ತೋರಿಸಿಯೇ ಬಿಡುತ್ತೇನೆ ಎಂದು ನೇರಪ್ರಸಾರ ಶುರುಮಾಡಿ ತಿರುಗಿದರೆ, ಅಂಗಿಗಳೇ ಇಲ್ಲ!

"ಅಕ್ಕಾ, ಅಂಗಿ ಎಲ್ಲಿ?"

"ಮಷೀನಿಗೆ ಹಾಕ್ದೆ. ಸುಡೋ ನೀರು, ಎರಡು ಪಟ್ಟು ಪುಡಿ. ಕೊನೇ ದಿನ ಅಂತ ಕೆಲಸ ಕೆಡಿಸೋಕಾಗುತ್ತಾ?"

ತಲೆ ತಲೆ ಚಚ್ಚಿಕೊಂಡೆ. ಮುಕ್ಕಾಲು ಗಂಟೆಯ ನಂತರ ಅಂಗಿಗಳು ಹೊರಬಂದವು, ಮದುಮಗನಿಗೆ ತೊಡಿಸಬಹುದಾದಷ್ಟು ಶುಭ್ರವಾಗಿ. ಅಕ್ಕ ಒಂದನ್ನು ಫೋನಿನ ಮುಂದೆ ಹರಡಿ, "ಎಲ್ಲಾದ್ರೂ ಒಂದು ಚುಕ್ಕೆ ತೋರ್ಸಿ ನೋಡೋಣ!" ಎಂದು ಜಂಬದಿಂದ ಸವಾಲು ಹಾಕಿದಳು. ನೋಡುತ್ತಿದ್ದ ನಾಲ್ಕು ಸಾವಿರ ಜನ ಬಿದ್ದುಬಿದ್ದು ನಕ್ಕರು. ಪ್ರೊಫೆಸರ್ ಅಂತೂ ಕೈಮುಗಿಯುವ ಚಿತ್ರ ಹಾಕಿ ನನಗೆ ಬೀಳ್ಕೊಡುಗೆ ಕೊಟ್ಟ.

ಸಿಟ್ಟು ನೆತ್ತಿಗೇರಿತು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಒಗೆದ ಕೊಳೆ ಎಲ್ಲಿಗೆ ಹೋಗುತ್ತದೆಂದು ಈ ಪಂಡಿತರಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತು! ಮಷೀನಿನ ಕೆಳಗಿನ ಮುಚ್ಚಳ ತೆಗೆದು, ಕೊಳೆ ಸೋಸುವ ಜಾಲರಿ ಎಳೆದೆ. ಕೊನೆಯ ಸುತ್ತಿನ ತಣ್ಣೀರಿಗೆ ಹೆಪ್ಪುಗಟ್ಟಿ, ನೂಲಿನ ಎಳೆಗಳ ಸಮೇತ, ನಿಂಬೆಹಣ್ಣಿನ ಗಾತ್ರದ ಕಂದು ಮೇಣ ಅಲ್ಲಿ ಕೂತಿತ್ತು. ಫೋನಿನ ಮುಂದೆ ಹಿಡಿದೆ. ಬಿಸಿನೀರಿಗೆ ಅದ್ದಿದೆ, ತಣ್ಣೀರಿಗೆ ಅದ್ದಿದೆ.

ಪ್ರೊಫೆಸರ್ ಮೂರು ಸಲ ಬರೆಯಲು ಶುರುಮಾಡಿ ಮೂರು ಸಲ ನಿಲ್ಲಿಸಿದ. ಕೊನೆಗೆ ಬಂತು: "ಡೀಸೆಲ್ ಹೀಗೆ ಗಟ್ಟಿಯಾಗಲ್ಲ. ಎಣ್ಣೆನೇ ಇದು. ತಪ್ಪಾಯ್ತು ತಾಯಿ, ನಾವು ನಕ್ಷೆ ನೋಡ್ತಾ ಕೂತ್ವಿ, ಜಾಲರಿ ಯಾರೂ ನೋಡ್ಲಿಲ್ಲ."

ಆಮೇಲೆ ಗುಂಪಿಗೆ ಬಂದ ಕುಣಿಯುವ ಬೆಕ್ಕುಗಳಿಗೆ ಲೆಕ್ಕವೇ ಇಲ್ಲ. ನಾನು ಒದ್ದೆ ನೆಲದ ಮೇಲೆ ಕುಣಿದು, ಜಾರಿ ಬಿದ್ದು, ಬಿದ್ದಲ್ಲೇ ನಕ್ಕೆ.

ಬಾಗಿಲಲ್ಲಿ ಕೊಳ್ಳುವವನು ಕಾಗದಪತ್ರ ಹಿಡಿದು ನಿಂತಿದ್ದ. ಅಕ್ಕ ಏಳಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು, ಚಮಚದಿಂದ ಜಾಲರಿ ಕೆರೆಯುತ್ತಲೇ ಇದ್ದಳು.

"ಅಂಗಡಿ ಮಾರಲ್ಲ ಸ್ವಾಮಿ," ಎಂದಳು. "ಈ ಜಿಡ್ಡು ನಾಳೆಯಿಂದ ದಿನಾ ಬರುತ್ತೆ. ಕೆರೆಯೋಕೆ ನಾವಿಬ್ರೇ ಸಾಲಲ್ಲ. ಕೆಲಸ ಬೇಕಿದ್ರೆ ಹೇಳಿ."