ಮಳೆಗೆಂದು ಹೊದಿಸಿದ ಟಾರ್ಪಾಲು

ಕಾರ್ಖಾನೆಯ ಗೇಟಿನ ಬೀಗ ತೆಗೆಯುವ ಮೊದಲೇ ಸೊಸೆಯ ಮೂಗಿಗೆ ವಾಸನೆ ಬಡಿಯಿತು. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಾಗ ಬರುವಂಥ ಕಮರು.

ಅಂಗಳದಲ್ಲಿ, ಕಲ್ಲಿದ್ದಲ ಬದಲು ಉರಿಸುವ ಬ್ರಿಕೆಟ್ ಕೊರಡುಗಳ ರಾಶಿಯ ಮೇಲೆ ನೀಲಿ ಟಾರ್ಪಾಲು ಬಿಗಿಯಾಗಿ ಕೂತಿತ್ತು. ನಿನ್ನೆ ಸಂಜೆ ಅವಳು ಹೊರಟಾಗ ಅದು ಇರಲಿಲ್ಲ. ಒತ್ತುವ ಯಂತ್ರದಿಂದ ಆಗಷ್ಟೇ ಬಿಸಿಯಾಗಿ ಬಂದ ಕೊನೆಯ ಪಾಳಿಯ ಮಾಲು ಜಾಲರಿಯ ಮೇಲೆ ಆರುತ್ತಿತ್ತು. ಈಗ ಜಾಲರಿ ಖಾಲಿ.

"ನಾನೇ ಹೊದಿಸಿದ್ದು," ಹಿಂದೆಯೇ ಬಂದ ಮಾವ ಹೆಮ್ಮೆಯಿಂದ ಹೇಳಿದರು. "ನೀನು ಹೋದ್ಮೇಲೆ ಮೋಡ ಹೇಗೆ ಕಟ್ಟಿತ್ತು ಗೊತ್ತಾ? ಜಾಲರಿ ಮೇಲಿದ್ದನ್ನೂ ಗೋಣಿ ಸುತ್ತಿದ ಕೈಯಲ್ಲಿ ಎತ್ತಿ ರಾಶಿಗೇ ಸೇರಿಸ್ದೆ. ನಿನ್ನ ಬಿಸ್ಕತ್ತು ಒಂದೂ ನೆನೆದಿಲ್ಲ ನೋಡು." ಬ್ರಿಕೆಟ್ ಅವರ ಬಾಯಲ್ಲಿ ಬಿಸ್ಕತ್ತು.

ಮಾವ ಬದುಕೆಲ್ಲ ಗೋದಾಮು ಕಾದವರು. ಆಕಾಶ ಸ್ವಲ್ಪ ಕಪ್ಪಾದರೂ ಮೂಟೆಗೆ ಹೊದಿಕೆ ಎಳೆಯುವುದು ಅವರ ಕೈಗೆ ಅಂಟಿದ ಅಭ್ಯಾಸ. ಮರದ ಹೊಟ್ಟು, ಕಡಲೆಸಿಪ್ಪೆಗಳನ್ನು ಒತ್ತಿ ಮಾಡಿದ ಈ ಕೊರಡುಗಳಿಗೆ ಅಂಟು ಹಾಕಿಲ್ಲ, ಬಿಸಿಗೆ ಮರದೊಳಗಿನ ಅಂಟೇ ಕರಗಿ ಹಿಡಿದುಕೊಂಡಿದೆ, ನೀರು ಬಿದ್ದರೆ ಮತ್ತೆ ಪುಡಿ ಎಂದು ಅವಳೇ ಅವರಿಗೆ ಹತ್ತಾರು ಸಲ ಹೇಳಿದ್ದಳು. ಬಿಸಿಯಾಗಿರುವಾಗ ರಾಶಿ ಹಾಕಬಾರದು, ಗಾಳಿಯಾಡದಂತೆ ಮುಚ್ಚಬಾರದು ಎಂದು ಮಾತ್ರ ಒಂದು ಸಲವೂ ಹೇಳಿರಲಿಲ್ಲ. ರಸಾಯನಶಾಸ್ತ್ರ ಓದಿದವಳಿಗೆ ಅದು ಹೇಳಬೇಕಾದ ಮಾತು ಅಂತಲೇ ಅನಿಸಿರಲಿಲ್ಲ.

ಯಂತ್ರ ನೋಡಿಕೊಳ್ಳುವ ಮೈದುನ ಟಾರ್ಪಾಲಿನ ಅಂಚಿಗೆ ಕೈ ಹಾಕಿದ.

"ಎಳೀಬೇಡ ಕಣೋ!"

ಅವಳು ಉದ್ದನೆಯ ಸರಳೊಂದನ್ನು ಅಂಚಿನ ಸಂದಿಯಿಂದ ರಾಶಿಯ ನಡುವಿಗೆ ತೂರಿಸಿದಳು. ಸ್ವಲ್ಪ ಹೊತ್ತು ಕಾದು ಹೊರಗೆಳೆದು, ತುದಿಯ ಹತ್ತಿರ ಅಂಗೈ ಒಯ್ದಳು. ಮುಟ್ಟುವ ಮೊದಲೇ ಕೈ ಹಿಂದಕ್ಕೆ ಬಂತು.

"ಒಳಗೆ ಬೆಂಕಿ ಹಿಡಿದಿದೆ. ತೆರೆದ್ರೆ ಗಾಳಿ ಸಿಕ್ಕಿ ಉರಿಯುತ್ತೆ. ತೆರೀದಿದ್ರೆ ಒಳಗೊಳಗೇ ತಿನ್ನುತ್ತೆ."

"ಲಾರಿ ಹೊರಟಾಯ್ತು ಅತ್ತಿಗೆ," ಎಂದ ಮೈದುನ. ಅವನ ದನಿ ಇಳಿದುಹೋಗಿತ್ತು.

ಆಸ್ಪತ್ರೆಗಳ ಬಟ್ಟೆ ಒಗೆಯುವ ಉಗಿ ಲಾಂಡ್ರಿಗೆ ಹೋಗಬೇಕಾದ ಮೊದಲ ಲೋಡು ಅದು. ಸಂತೆಚೀಲದಲ್ಲಿ ಮಾದರಿ ತುಂಬಿಕೊಂಡು ಅವಳು ಬೇಕರಿ, ಇಟ್ಟಿಗೆ ಗೂಡು ಎಂದು ತಿರುಗಿ ತಿರುಗಿ ಚಪ್ಪಲಿ ಸವೆಸಿದ ಮೇಲೆ ಹೂಂ ಅಂದವನು ಈ ಲಾಂಡ್ರಿಯ ಮ್ಯಾನೇಜರ್ ಒಬ್ಬನೇ. "ಹೇಳಿದ ದಿನ ಬಂದ್ರೆ ಸರಿ. ಇಲ್ಲಾಂದ್ರೆ ನಮ್ಮ ಕಲ್ಲಿದ್ದಲೇ ನಮಗೆ. ರೋಗಿಗಳ ಹಾಸಿಗೆ ಕಾಯಲ್ಲ ಮೇಡಂ," ಅಂದಿದ್ದ.

"ಸಲಿಕೆ ತಗೋ. ಅಂಚಿನಿಂದ ಬಿಡಿಸಿ ದೂರ ಹರಡೋಣ. ಸಿಕ್ಕಷ್ಟು ಸಿಗಲಿ."

ಇಬ್ಬರೂ ಒಂದು ಮೂಲೆ ಬಿಡಿಸಿದರು. ಮೊದಲ ಸಾಲುಗಳು ಬರೀ ಬೆಚ್ಚಗಿದ್ದವು. ಮೈದುನ ನಗಲೂ ಶುರು ಮಾಡಿದ್ದ. ಆಮೇಲೆ ಒಂದು ಕೊರಡು ಉರುಳಿತು. ಅದರ ಹಿಂದೆ ನಸುಗೆಂಪು ಗೂಡೊಂದು ಕಾಣಿಸಿ, ಗಾಳಿ ಒಳನುಗ್ಗಿದ್ದೇ ತಡ, ಭಗ್ಗೆಂದಿತು. ಟಾರ್ಪಾಲು ಮುದುಡಿಕೊಂಡು ಕರಗಿತು. ನಾಲ್ಕು ಹೆಜ್ಜೆ ಆಚೆ ಹೊಟ್ಟಿನ ಗುಡ್ಡೆ, ಅದರ ಪಕ್ಕಕ್ಕೇ ಯಂತ್ರ. ಗಾಳಿ ಅತ್ತಲೇ ಬೀಸುತ್ತಿತ್ತು. ಮರಳು ಎರಡೇ ಬಕೆಟ್ ಇತ್ತು. ಸುರಿದದ್ದು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮಾವ ನೀರಿನ ಪೈಪು ಹಿಡಿದು ನಿಂತಿದ್ದರು. ನಲ್ಲಿ ತಿರುಗಿಸಿರಲಿಲ್ಲ.

"ನೀರು ಬೇಡ ಅಂದಿದ್ಯಲ್ಲಮ್ಮಾ... ಬಿಡ್ಲಾ?"

ಉರಿಯ ನಾಲಿಗೆ ಗುಡ್ಡೆಯ ಕಡೆ ಬಾಗಿತು.

"ಬಿಡಿ ಮಾವ."

ಬೆಂಕಿ ಬೇಗನೇ ಸತ್ತಿತು. ಆಮೇಲೆ ನಡೆದದ್ದಕ್ಕೆ ಸದ್ದೇ ಇರಲಿಲ್ಲ. ಬೆಂಕಿ ಮುಟ್ಟದ ಕೊರಡುಗಳು ನೀರು ಕುಡಿದು ಉಬ್ಬಿದವು, ಅಡ್ಡಡ್ಡಲಾಗಿ ಬಿರಿದವು, ಒಂದರ ಮೇಲೊಂದು ಕುಸಿದು ಕಂದು ಅಂಬಲಿಯಾದವು. ಹರಡಿಟ್ಟಿದ್ದ ಮೊದಲ ಸಾಲುಗಳ ಕೆಳಗೂ ಅದೇ ನೀರು ಹರಿದುಬಂತು. ಮೈದುನ ಬಾಚಿ ಎತ್ತಲು ಹೋದ. ಬೆರಳ ಸಂದಿಯಿಂದ ಹೊಟ್ಟು ಸೋರಿತು.

ಲಾರಿ ಬಂದು ನಿಂತಿತು. ಚಾಲಕ ಇಣುಕಿ, "ಏನಕ್ಕಾ, ಗಂಜಿ ಲೋಡ್ ಮಾಡ್ತೀರಾ?" ಎಂದು ನಕ್ಕ. ಯಾರೂ ನಗದ್ದನ್ನು ನೋಡಿ ಎಂಜಿನ್ ಆರಿಸಿದ.

ಅವಳು ಮ್ಯಾನೇಜರನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಬೈದಿದ್ದರೆ ಚೆನ್ನಾಗಿತ್ತು.

"ಅಯ್ಯೋ, ಯಾರಿಗೂ ಏನೂ ಆಗಿಲ್ಲ ತಾನೇ? ಸರಿ ಬಿಡಿ ಮೇಡಂ. ಕಲ್ಲಿದ್ದಲಿನವರಿಗೆ ಹೇಳ್ತೀನಿ."

ಮಾವ ಕೆಸರಿನೊಳಗೆ ಕೂತು, ಉಬ್ಬಿದ್ದ ಒಂದು ಕೊರಡನ್ನು ಎರಡೂ ಅಂಗೈಯಿಂದ ಅದುಮಿ ಮೊದಲಿನ ಆಕಾರಕ್ಕೆ ತರಲು ನೋಡುತ್ತಿದ್ದರು.

"ಒಣಗಿಸಿ ಮತ್ತೆ ಒತ್ತಬಹುದಲ್ವಾಮ್ಮಾ?"

"ಒತ್ತಬಹುದು ಮಾವ."

"ನಿನ್ನೆ ಮಳೆ ಬಂದೇಬರ್ತಿತ್ತು. ನೀನು ನೋಡಿದ್ರೆ ನೀನೂ ಹೊದಿಸ್ತಿದ್ದೆ."

ಅವಳು ತಲೆಯೆತ್ತಿದಳು. ತೊಳೆದಿಟ್ಟ ತಟ್ಟೆಯಂಥ ಆಕಾಶ. ಎಲ್ಲೂ ಒಂದು ಮೋಡವಿಲ್ಲ. ರಸ್ತೆಯ ಧೂಳು ಕೂಡ ಒಣಗಿಕೊಂಡೇ ಇತ್ತು.

"ಹೊದಿಸ್ತಿದ್ದೆ," ಎಂದಳು.

ಮಾವ ತಲೆಯಾಡಿಸಿ ಇನ್ನೊಂದು ಕೊರಡನ್ನು ಎತ್ತಿಕೊಂಡರು. ಪೈಪಿನಿಂದ ನೀರು ಇನ್ನೂ ಹರಿಯುತ್ತಲೇ ಇತ್ತು. ನಲ್ಲಿ ನಿಲ್ಲಿಸಬೇಕೆಂದು ಮೂವರಿಗೂ ತೋಚಲಿಲ್ಲ.