ನೆಟ್ಟು ಹೋದ ಕಳ್ಳ

ಕಳ್ಳ ಬೇರು ಕಿತ್ತುಕೊಂಡು ಹೋದದ್ದರಲ್ಲಿ ಹೊಸತೇನೂ ಇರಲಿಲ್ಲ. ಆ ವರ್ಷ ನಾವುನಿಸಾ ಎಂಬ ದ್ವೀಪದೂರಿನಲ್ಲಿ, ಅರೆದು ಕುಡಿಯುವ ಬೇರಿಗಾಗಿ ಯಾಂಗೋನ ಗಿಡ ಬೆಳೆದವರೆಲ್ಲ ಒಂದಲ್ಲ ಒಂದು ಬೆಳಿಗ್ಗೆ ಗುಡ್ಡ ಹತ್ತಿ, ಬರಿ ಮಣ್ಣು ನೋಡಿ, ತಲೆಯ ಮೇಲೆ ಕೈ ಹೊತ್ತು ಕೂತವರೇ. ತನ್ನ ಪಾಲಿನ ಬೆಳಿಗ್ಗೆ ಬಂದಾಗ ರುಸಿಲಾಳೂ ಕೂತಳು, ಆದರೆ ಬೇರೆ ಕಾರಣಕ್ಕೆ. ಕಳ್ಳ ಗುಂಡಿ ಮುಚ್ಚಿದ್ದ. ಮುಚ್ಚಿದ ಮಣ್ಣಿನಲ್ಲಿ ಕಾಂಡದ ತುಂಡುಗಳನ್ನು ನೆಟ್ಟು, ಬಿಸಿಲು ತಾಗದ ಹಾಗೆ ಜರೀಗಿಡದ ಸೊಪ್ಪು ಹಾಸಿದ್ದ.

ಅವಳು ಸೊಪ್ಪು ಸರಿಸಿ ಒಂದು ತುಂಡನ್ನು ಮೆಲ್ಲಗೆ ಎತ್ತಿ ನೋಡಿದಳು. ಎರಡು ಗೆಣ್ಣು ಬಿಟ್ಟು ನೀಟಾಗಿ ಕತ್ತರಿಸಿದ್ದು. ಅಡ್ಡ ಮಲಗಿಸಿ ಚಿಗುರೊಡೆಯುವ ಕಣ್ಣು ಮೇಲಕ್ಕೆ ಬರುವಂತೆ ಇಟ್ಟದ್ದು. ಗಿಡ ಕಿತ್ತಲ್ಲೇ ಮತ್ತೆ ನೆಡುವುದು ಈ ದ್ವೀಪದ ಬೇಸಾಯಗಾರರಿಗೆ ಉಂಡ ಮೇಲೆ ಕೈ ತೊಳೆದ ಹಾಗೆ. ಯೋಚಿಸಿ ಮಾಡುವುದಲ್ಲ. ಆದರೆ ಕದಿಯಲು ಬಂದವನಿಗೆ ಅಷ್ಟು ಹೊತ್ತು ನಿಲ್ಲುವ ಮನಸ್ಸು ಎಲ್ಲಿಂದ ಬಂತು?

ಊರಿಗೆ ಇಂಥ ಪ್ರಶ್ನೆ ಬೇಕಿರಲಿಲ್ಲ. ಊರಿನ ಪಾಲಿಗೆ ಕಳ್ಳ ಸಿಕ್ಕಾಗಿತ್ತು: ರುಸಿಲಾಳ ತಮ್ಮ ಪೆದೇಲಿ. ಚಿಕ್ಕವನಿದ್ದಾಗಲೇ ಸುವಾ ಪಟ್ಟಣ ಸೇರಿ, ಟಯರ್ ಅಂಗಡಿಯಲ್ಲಿ ದುಡಿದು, ಈಚೆಗೆ ಬರಿಗೈಯಲ್ಲಿ ವಾಪಸು ಬಂದವನು. ಬರುವ ಶನಿವಾರದ ಸಭೆಯಲ್ಲಿ ಅವನನ್ನು ಊರು ಬಿಡಿಸಿ ದೋಣಿ ಹತ್ತಿಸುವುದೆಂದು ಮುಖಂಡ ಲಾಯಿತಿಯಾ ಹೇಳಿಯೂ ಆಗಿತ್ತು. ಅಪ್ಪ ಅಮ್ಮ ಇಲ್ಲದ ರುಸಿಲಾಳಿಗೆ ತನ್ನವನೆಂದು ಇದ್ದವನು ಅವನೊಬ್ಬನೇ.

"ಅಕ್ಕಾ, ನಾನೇ ಹೊರಟೋಗ್ಲಾ?" ಮರಗೆಣಸು ಸುಲಿಯುತ್ತ ಪೆದೇಲಿ ಕೇಳಿದ.

"ಹೋದ್ರೆ ಕದ್ದಿದ್ದು ನೀನೇ ಅಂತಾಗುತ್ತೆ. ಯಾಂಗೋನ ತುಂಡು ಹೆಂಗೆ ನೆಡ್ತಾರೆ, ಹೇಳು."

"ಮಣ್ಣಲ್ಲಿ."

"ಮಣ್ಣಲ್ಲಿ ಹೆಂಗೆ?"

"ಕಡ್ಡಿ ಚುಚ್ಚಿದಂಗೆ. ಯಾಕೆ?"

ರುಸಿಲಾ ಎದ್ದು ಹೊರಟಳು. ಕಳವಾದ ಉಳಿದ ತೋಟಗಳನ್ನೆಲ್ಲ ಸುತ್ತಿ ನೋಡಿ, ನೆರೆಯವರ ಕುದುರೆ ಬೇಡಿಕೊಂಡು ಗುಡ್ಡದ ಕೆಳಗಿನ ಪೊಲೀಸ್ ಠಾಣೆಗೆ ಹೋದಳು. ಸುತ್ತಲಿನ ಹನ್ನೊಂದು ಊರಿಗೆ ಅಲ್ಲಿದ್ದವನು ಒಬ್ಬನೇ ಕಾನ್‌ಸ್ಟೇಬಲ್, ವಿಲಿಸೋನಿ. ಯಾರು ಫೋನ್ ಮಾಡಿದರೂ ಅವನದು ಒಂದೇ ಮಾತು: ಗಾಡಿ ಕಳಿಸಿ, ಬರ್ತೀನಿ.

"ಇದೇನಮ್ಮಾ?" ಕುದುರೆ ನೋಡಿ ಅವನು ಕೇಳಿದ.

"ಗಾಡಿ ಕಳಿಸಿ ಅಂದ್ರಲ್ಲ."

"ಇದಕ್ಕೆ ಸೈರನ್ ಇದೆಯಾ?"

ಹೊರಗಿನವರೊಡನೆ ಮಾತಾಡಿ ರೂಢಿಯಿಲ್ಲದ ರುಸಿಲಾ ಕುದುರೆಯ ಕತ್ತನ್ನೇ ನೋಡುತ್ತ ಕಂಡದ್ದೆಲ್ಲ ಹೇಳಿದಳು. ವಿಲಿಸೋನಿಯ ನಗು ನಿಂತಿತು.

"ಎಲ್ಲಾ ಕಡೇನೂ ನೆಟ್ಟಿದ್ದಾನಾ? ಮತ್ತೆ ಒಬ್ರೂ ಹೇಳ್ಲಿಲ್ಲ?"

"ಅವರು ಬೈತಾ ಇದ್ರು ಸಾರ್. ಬೈಯೋವಾಗ ಯಾರೂ ನೆಲ ನೋಡಲ್ಲ."

ಶನಿವಾರ ಬೆಳಿಗ್ಗೆ ಸಭಾಮನೆಯ ಮುಂದಿನ ಬಯಲಲ್ಲಿ ಗಂಡಸರು ಚಾಪೆ ಹಾಸಿ ಕೂತರು, ಹೆಂಗಸರು ಬಾಗಿಲ ಹತ್ತಿರ. ಪೆದೇಲಿಯನ್ನು ಚಾಪೆಯಾಚೆ ನಿಲ್ಲಿಸಿದ್ದರು. ಕುದುರೆಯಿಂದ ಇಳಿದ ವಿಲಿಸೋನಿ ಸೊಂಟ ಹಿಡಿದುಕೊಂಡೇ ಮಾತು ಶುರು ಮಾಡಿದ.

"ಬೆರಳಚ್ಚಿನ ಪುಡಿ ನನ್ ಹತ್ರ ಇಲ್ಲ. ತರಿಸ್ಬೇಕು ಅಂದ್ರೆ ಕ್ರಿಸ್‌ಮಸ್ ಬರುತ್ತೆ. ಆದ್ರೆ ನಿಮ್ ಕಳ್ಳ ಕಿತ್ತ ಜಾಗದಲ್ಲಿ ನೆಟ್ಟು ಹೋಗಿದ್ದಾನೆ. ಅದಕ್ಕೆ ಎಲ್ರೂ ಒಂದೊಂದು ತುಂಡು ನೆಟ್ಟು ತೋರ್ಸಿ. ಮೊದಲು ಆ ಹುಡುಗ."

ಪೆದೇಲಿ ತುಂಡನ್ನು ತಲೆಕೆಳಗಾಗಿ ಹಿಡಿದು, ಹಿಮ್ಮಡಿಯಿಂದ ಒತ್ತಿ ನೆಟ್ಟಗೆ ಹುಗಿದ.

"ಲೋ, ಅದು ಮೊಳೆ ಅಲ್ಲ ಕಣೋ," ಎಂದಳು ಬಾಗಿಲಲ್ಲಿದ್ದ ಒಬ್ಬ ಅಜ್ಜಿ. ಬಯಲೆಲ್ಲ ನಕ್ಕಿತು. ಆಮೇಲೆ ಬಂದವರೆಲ್ಲ ನೆಟ್ಟರು. ಒಬ್ಬೊಬ್ಬರದು ಒಂದೊಂದು ರೀತಿ, ಆದರೆ ಎಲ್ಲರದೂ ಚಿಗುರುವಂಥದ್ದೇ. ರುಸಿಲಾ ಒಂದೊಂದನ್ನೂ ಗಮನಿಸುತ್ತ ಹೋದಳು. ಅಡ್ಡ ಮಲಗಿಸಿದ ಕೈ ಇನ್ನೂ ಬಂದಿರಲಿಲ್ಲ.

ಕೊನೆಗೆ ಎದ್ದವನು ಎಮೋಸಿ. ಪೊಲೀಸರು ಬಾರದ್ದಕ್ಕೆ ಊರು ಕಟ್ಟಿಕೊಂಡ ಕಾವಲುಪಡೆಗೆ ಅವನೇ ಹಿರಿಯ. ನೆಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅಪ್ಪ ತೀರಿಕೊಂಡ ಮೇಲೆ ರುಸಿಲಾಳಿಗೆ ಗುದ್ದಲಿ ಹಿಡಿಯಲು ಕಲಿಸಿದವನೂ ಅವನೇ. ಅವನು ತುಂಡನ್ನು ತೆಗೆದುಕೊಂಡು, ಕಣ್ಣು ಯಾವ ಕಡೆಯೆಂದೂ ನೋಡದೆ, ಮಣ್ಣಿಗೆ ಸೊಟ್ಟಗೆ ಚುಚ್ಚಿ ಕೈ ಕೊಡವಿದ.

ವಿಲಿಸೋನಿ ತಲೆಯಾಡಿಸಿದ. ಹೊರ ಊರಿನ ಅವನಿಗೆ ಅದು ಇನ್ನೊಂದು ತುಂಡು, ಅಷ್ಟೆ. ರುಸಿಲಾ ಮಾತ್ರ ಕಣ್ಣು ಕಿರಿದು ಮಾಡಿದಳು. ಎಮೋಸಿ ಮಾವನ ಕೈ ಹೀಗೆ ನೆಡುವುದು ಹೇಗೆ? ವಯಸ್ಸಾಯಿತೇ? ಕಣ್ಣು ಮಂಜಾಯಿತೇ?

"ಈ ಹುಡುಗಂಗೆ ಬರಲ್ಲ. ಇವನಲ್ಲ ಕಳ್ಳ," ಎಂದ ವಿಲಿಸೋನಿ.

"ಹಂಗೆ ಹೇಳೋಕಾಗಲ್ಲ ಸಾಹೇಬ್ರೆ," ಎಂದ ಎಮೋಸಿ. "ಪಟ್ಟಣ ಕಂಡವನು. ಬಂದ್ರೂ ಬರದಂಗೆ ನೆಡಬೋದು."

ಲಾಯಿತಿಯಾ ಹೌದೆನ್ನುವಂತೆ ಗಡ್ಡ ಕೆರೆದುಕೊಂಡ. ಪೆದೇಲಿ ಅಕ್ಕನ ಕಡೆ ನೋಡಿದ. ಆ ಊರಿನ ಸಭೆಯಲ್ಲಿ ರುಸಿಲಾ ಎಂದೂ ಬಾಯಿ ತೆರೆದವಳಲ್ಲ. ಈಗ ಎದ್ದು ನಿಂತಳು.

"ಹೌದು ಮಾವ. ಬಂದ್ರೂ ಬರದಂಗೆ ನೆಡಬೋದು."

ಅವಳು ಬೆರಳು ತೋರಿಸಲಿಲ್ಲ. ಅವನ ತುಂಡನ್ನು ನೋಡಿದಳು, ಅಷ್ಟೆ. ಅವಳು ನೋಡಿದ ಕಡೆ ಅಜ್ಜಿ ನೋಡಿದಳು, ಆಮೇಲೆ ಲಾಯಿತಿಯಾ, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಕಡೆಗೆ ಎಮೋಸಿಯೂ ನೋಡಿದ. ತಾನೇ ಚುಚ್ಚಿದ ಆ ಸೊಟ್ಟ ತುಂಡನ್ನು ಬಹಳ ಹೊತ್ತು ನೋಡಿದ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಅದನ್ನು ಕಿತ್ತ, ಬೆರಳಿನಿಂದ ಮಣ್ಣು ಸಡಿಲಿಸಿದ, ಅಡ್ಡ ಮಲಗಿಸಿ ಕಣ್ಣು ಮೇಲೆ ಮಾಡಿ ಮುಚ್ಚಿದ. ಹಾಸಲು ಸೊಪ್ಪಿಗಾಗಿ ಅವನ ಕೈ ಸುತ್ತಲೂ ತಡಕಾಡಿತು.

"ಹೋದ ವರ್ಷ ನನ್ ತೋಟ ಪೂರ್ತಿ ಹೋಯ್ತು," ಎಂದ, ನೆಲ ನೋಡುತ್ತಲೇ. "ಫೋನ್ ಮಾಡ್ದೆ. ಗಾಡಿ ಕಳ್ಸು ಅಂದ್ರು. ನನ್ ಹತ್ರ ಎಲ್ಲಿತ್ತು ಗಾಡಿ? ಹೋದದ್ದನ್ನ ಹಿಂಗೆ ತುಂಬ್ಕೊಂಡೆ."

ವಿಲಿಸೋನಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಲಾಯಿತಿಯಾ ಚಾಪೆಯ ಮೇಲೆ ತುಸು ಸರಿದು ಪಕ್ಕದಲ್ಲಿ ಜಾಗ ಮಾಡಿದ.

"ಪೆದೇಲಿ," ಎಂದ. "ಬಿಸಿಲಲ್ಲಿ ಯಾಕೆ ನಿಂತಿದೀಯಾ. ಬಾ, ಕೂತ್ಕೊ."