ಲಿಯೋನ್ ಊರಿನ ಇಟಲಿ ಬೂಟು

ವ್ಯಾಪಾರ ಒಪ್ಪಂದ ಆದದ್ದೇ ತಡ, ಮೆಕ್ಸಿಕೋದ ಸಂತೆಗಳಿಗೆಲ್ಲ ಹೊರದೇಶದ ಅಗ್ಗದ ಚಪ್ಪಲಿಗಳು ನುಗ್ಗಿದವು. ಲಿಯೋನಿನ ಬೂಟು ತಯಾರಕ ರೆಫುಹಿಯೊನ ಮಾಲನ್ನು ಮೂಸುವವರೂ ಇಲ್ಲವಾದರು. ತಲೆ ಕೆರೆದುಕೊಂಡು ಅವನು ಬೂಟಿನಡಿಯ ಅಟ್ಟೆಯ ಮೇಲೆ ‘ಇಟಲಿ’ ಎಂದು ಅಚ್ಚೊತ್ತಿದ. ಅದೇ ಬೂಟು, ಅದೇ ಚರ್ಮ. ಬೆಲೆ ಮಾತ್ರ ಎರಡರಷ್ಟು. ಜನ ಮುಗಿಬಿದ್ದರು.

ಈಗ ಅದೇ ಒಪ್ಪಂದದಿಂದ ಗಡಿಯಾಚೆಯಿಂದ ನಾನೂರು ಜೊತೆ ಬೂಟಿಗೆ ಬೇಡಿಕೆ ಬಂದಿತ್ತು. ಬೂಟು ಮೆಕ್ಸಿಕೋದಲ್ಲೇ ಆದದ್ದೆಂದು ಸಾಬೀತಾದರೆ ಸುಂಕವಿಲ್ಲ. ಆಗದಿದ್ದರೆ ಬೇಡಿಕೆಯೂ ಇಲ್ಲ, ಆರು ಜನ ಕೆಲಸಗಾರರು ಮನೆಗೆ. ರೆಫುಹಿಯೊಗೆ ವಾರದಿಂದ ನಿದ್ದೆಯಿರಲಿಲ್ಲ.

ತಪಾಸಣೆಗೆ ರಾಜಧಾನಿಯಿಂದ ಒತಿಲಿಯಾ ಎಂಬ ಅಧಿಕಾರಿಣಿ ಬಂದದ್ದು, ಹೋಗಿ ಹೋಗಿ ಸೋಮವಾರ. ಕಾರ್ಖಾನೆಯಲ್ಲಿ ರೆಫುಹಿಯೊ ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ.

“ಕೆಲಸದವ್ರೆಲ್ಲಿ?”

“ಇವತ್ತು ಸಂತ ಸೋಮವಾರ ಅಲ್ವೇ ಮೇಡಂ! ಭಾನುವಾರ ಕುಡಿದದ್ದು ಇಳೀಬೇಕಲ್ಲ. ಲಿಯೋನಲ್ಲಿ ಬೂಟು ಹೊಲಿಯೋನು ಯಾವನೂ ಸೋಮವಾರ ದಬ್ಬಳ ಮುಟ್ಟಲ್ಲ.”

ಆಕೆ ಬೂಟನ್ನು ತಿರುಗಿಸಿ ನೋಡಿದಳು. “ಆಳಿಲ್ಲ, ಅಟ್ಟೆ ಮೇಲೆ ಇಟಲಿ ಅಂತಿದೆ. ಅಲ್ಲಿಂದ ತರಿಸಿ ಡಬ್ಬಿಗೆ ತುಂಬ್ತೀರಿ, ಅಷ್ಟೇ ತಾನೇ?”

ಅಷ್ಟರಲ್ಲಿ ಬೂಟಂಗಡಿಯ ಪ್ಲಾಸಿದೊ ವಾರದ ಮಾಲಿಗೆ ಬಂದು ನಿಂತ. ಇಟಲಿಯಿಂದ ತರಿಸಿದ್ದೆಂದು ನಂಬಿ ಕೊಳ್ಳುವ ಗಿರಾಕಿ ಅವನೇ. ನಿಜ ಹೇಳಿದರೆ ಇವನು ಹೋದ, ಹೇಳದಿದ್ದರೆ ನಾನೂರು ಜೊತೆ ಹೋಯಿತು.

“ಎಲ್ಲಾ ನಾವೇ ಇಲ್ಲೇ ಮಾಡೋದು, ಮೇಡಂ. ನೋಡಿ!” ಎಂದವನೇ ಏಪ್ರನ್ ಕಟ್ಟಿ ಕುಳಿತ. ಚರ್ಮ ಕತ್ತರಿಸಿದ, ಹೊಲಿದ, ಹೆಬ್ಬೆರಳಿಗೆ ದಬ್ಬಳ ಚುಚ್ಚಿಕೊಂಡು ಸಂತರನ್ನೆಲ್ಲ ಬೈದ. ಇಬ್ಬರೂ ಊಟ ಮರೆತು ನೋಡಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬೂಟು ಸಿದ್ಧ. ಅಟ್ಟೆ ಉಜ್ಜಿದ, ಊದಿದ, ಕೈಗೆ ರೂಢಿಯಾದಂತೆ ಪಕ್ಕದ ಅಚ್ಚು ತೆಗೆದು ಟಪ್ಪೆಂದು ‘ಇಟಲಿ’ ಒತ್ತಿಬಿಟ್ಟ!

ಮೂವರೂ ಅದನ್ನೇ ನೋಡಿದರು. ರೆಫುಹಿಯೊಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಒತಿಲಿಯಾ ಕಣ್ಣೊರೆಸಿಕೊಂಡು ನಕ್ಕಳು. “ಇಟಲೀನೂ ಇಲ್ಲೇ ತಯಾರಾಗುತ್ತೆ ಅಂತ ಕಣ್ಣಾರೆ ನೋಡಿದೆ. ಆ ಅಚ್ಚು ಇಲ್ಲಿ ಕೊಡಿ. ಈ ಪ್ರಮಾಣಪತ್ರದಲ್ಲಿ ತಯಾರಿಸಿದವರು ಅನ್ನೋ ಕಡೆ ನಿಮ್ಮ ಹೆಸರು ಬರೀರಿ.”

ಇಪ್ಪತ್ತು ವರ್ಷ ಬೂಟು ಮಾಡಿದವನು ಮೊದಲ ಸಲ ಬೂಟಿನ ಕಾಗದದ ಮೇಲೆ ತನ್ನ ಹೆಸರು ಬರೆದ. ಎದೆ ಉಬ್ಬಿತು.

“ಲಿಯೋನಿನ ಮಾಲಾ?” ಪ್ಲಾಸಿದೊ ಹೊಸ ಬೂಟನ್ನು ಎತ್ತಿ ನೋಡಿ ಮೂಗು ಮುರಿದ. “ಹಾಗಾದ್ರೆ ಅರ್ಧ ಬೆಲೆ ಕೊಡ್ತೀನಿ, ಕಣಯ್ಯಾ.”

“ಅರ್ಧಾನಾ?” ರೆಫುಹಿಯೊ ಬೂಟನ್ನು ಅವನ ಕೈಯಿಂದ ಕಿತ್ತುಕೊಂಡ. “ಇದನ್ನ ಮಾಡಿದೋನು ನಾನು ಕಣೋ! ಅರ್ಧ ಬೆಲೆಗೆ ಬೇಕಿದ್ರೆ ಇಟಲಿಯವರನ್ನ ಕೇಳ್ಕೋ ಹೋಗು.”